ಸಂಬಳ, ಬಾಡಿಗೆ ಮನೆ, ಅಂಗಡಿ ಬಿಲ್ಲು: ಪದೇ ಪದೇ ಕೇಳುವ ಕಾನೂನಿನ ಪ್ರಶ್ನೆಗಳು

ನಾನು ವಕೀಲಿಕೆ ಮಾಡುತ್ತೇನೆ. ಅದರಿಂದಾಗಿ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದವರ ಪ್ರಶ್ನೆ ಬೀಳುತ್ತದೆ. ಓನರ್ ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ. ಮಗನ ಮಾರ್ಕ್ಸ್ ಕಾರ್ಡ್ ಕಂಪನಿಯಲ್ಲಿ ಇಟ್ಟುಕೊಂಡಿದ್ದಾರೆ. ಮಿಕ್ಸಿ ಮೂರೇ ದಿನಕ್ಕೆ ಸುಟ್ಟುಹೋಯಿತು. ಹೋಳಿಗೆ ಬರುವಷ್ಟರಲ್ಲಿ ನಾಲ್ಕು ಕೇಸು ಕೇಳಿರುತ್ತೇನೆ. ಊರು ಬದಲಾದರೂ ಪ್ರಶ್ನೆಗಳು ಅವೇ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿರುವುದು ಕರ್ನಾಟಕದಲ್ಲಿ ನಡೆಯುವ ಕಾನೂನು. ಕೆಲವು ಕೇಂದ್ರದ್ದು, ಕೆಲವು ರಾಜ್ಯದ್ದು. ಯಾರೇ ಪ್ರಶ್ನೆ ಕೇಳಿದರೂ ನಾನು ತಿರುಗಿ ಕೇಳುವುದು ಎರಡೇ: ಕೈಯಲ್ಲಿ ಕಾಗದ ಏನಿದೆ? ಯಾವ ತಾರೀಖಿಗೆ ನಡೆದದ್ದು? ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

## ಕೆಲಸದ ಜಾಗ

ತಿಂಗಳು ಮುಗಿದು ಹದಿನೈದು ದಿನವಾಯಿತು, ಸಂಬಳ ಬಂದಿಲ್ಲ. ಎಷ್ಟು ದಿನ ಕಾಯಬೇಕು?

ಏಳನೇ ತಾರೀಖಿನವರೆಗೆ. ಸಂಬಳದ ಬಗ್ಗೆ ಕೇಂದ್ರದ ಹೊಸ ಕಾನೂನಾದ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೇ ದಿನ ಮುಗಿಯುವುದರೊಳಗೆ ಹಣ ಸೇರಬೇಕು ಎಂದು ಅದು ಹೇಳುತ್ತದೆ. ಕೆಲಸ ಬಿಟ್ಟವರಿಗೆ, ತೆಗೆದುಹಾಕಿಸಿಕೊಂಡವರಿಗೆ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಸಿಗಬೇಕು. "ಫುಲ್ ಅಂಡ್ ಫೈನಲ್‌ಗೆ 45 ದಿನ ಆಗುತ್ತೆ, ನಮ್ಮ ಪಾಲಿಸಿ ಹಾಗೆ" ಎಂದು ಎಚ್‌ಆರ್ ಹೇಳಿದರೆ, ಪಾಲಿಸಿಗಿಂತ ಕಾನೂನು ದೊಡ್ಡದು ಎಂದು ನೆನಪಿಸಬಹುದು.

ಮೊದಲು ಒಂದು ಇಮೇಲ್ ಹಾಕಿ. ಯಾವ ತಿಂಗಳದ್ದು, ಎಷ್ಟು ಬಾಕಿ, ಯಾವ ದಿನದೊಳಗೆ ಬೇಕು, ಅಷ್ಟೇ. ಸಿಟ್ಟು ಬೇಡ, ಕಥೆ ಬೇಡ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಬೇರೆ ಊರುಗಳಲ್ಲಿ ಕಾರ್ಮಿಕ ಅಧಿಕಾರಿ ಅಥವಾ ಕಾರ್ಮಿಕ ನಿರೀಕ್ಷಕರ ಕಚೇರಿ. ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶ ಇದೆ. ಆದರೆ ಕಂಪನಿಯೇ ಬಾಗಿಲು ಮುಚ್ಚಿಕೊಂಡು ಹೋದ ಮೇಲೆ ಆ ಮೂರು ವರ್ಷ ಇಟ್ಟುಕೊಂಡು ಏನು ಮಾಡುತ್ತೀರಿ? ಎರಡನೇ ತಿಂಗಳು ತಪ್ಪುವಾಗಲೇ ಎದ್ದೇಳಿ.

ಆಫರ್ ಲೆಟರ್ ಕೊಟ್ಟೇ ಇಲ್ಲ ಅನ್ನುವವರು ತುಂಬಾ ಜನ. ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಐಡಿ ಕಾರ್ಡಿನ ಫೋಟೋ, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜು, ಹಾಜರಿ ಪುಸ್ತಕದ ಚಿತ್ರ ಎಲ್ಲವೂ ಸಾಕ್ಷಿಯೇ. ಕೆಲಸ ಬಿಡುವ ದಿನ ಕಂಪನಿಯ ಇಮೇಲ್ ಮುಚ್ಚಿಬಿಡುತ್ತಾರೆ. ನಿಮ್ಮ ಸ್ಯಾಲರಿ ಸ್ಲಿಪ್ಪುಗಳನ್ನು ಅದಕ್ಕೂ ಮುಂಚೆ ಇಳಿಸಿಕೊಳ್ಳಿ.

"ನಾಳೆಯಿಂದ ಬರಬೇಡ" ಎಂದುಬಿಟ್ಟರು. ಹಾಗೆ ಹೇಳಬಹುದಾ?

ಅಂಗಡಿ, ಹೋಟೆಲ್, ಆಫೀಸುಗಳಿಗೆ ಕರ್ನಾಟಕದ್ದೇ ಒಂದು ಕಾನೂನು ಇದೆ. 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ 39ನೇ ಕಲಮಿನ ಪ್ರಕಾರ ಸತತ ಆರು ತಿಂಗಳು ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು. ಜೊತೆಗೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ಕಳ್ಳತನದಂಥ ದುರ್ನಡತೆಯ ಆರೋಪ ಇದ್ದರೆ ದಾರಿ ಬೇರೆ. ಆಗಲೂ ವಿಚಾರಣೆ ಮಾಡಿ ಸಾಬೀತು ಮಾಡಬೇಕು.

ಕಂಪನಿಗಳಿಗೂ ಇದು ಗೊತ್ತು. ಅದಕ್ಕೇ ಅವರು ತೆಗೆಯುವುದಿಲ್ಲ. ಮೀಟಿಂಗ್ ರೂಮಿಗೆ ಕರೆದು "ನೀವೇ ರಿಸೈನ್ ಮಾಡಿ, ನಿಮ್ಮ ಕೆರಿಯರ್‌ಗೆ ಒಳ್ಳೆಯದು" ಅನ್ನುತ್ತಾರೆ. ಅಲ್ಲಿ ಗಾಬರಿಯಲ್ಲಿ ಬರೆದುಕೊಟ್ಟ ಎರಡು ಸಾಲಿನ ರಾಜೀನಾಮೆ ನಿಮ್ಮ ಅರ್ಧ ಕೇಸನ್ನು ತಿಂದುಹಾಕುತ್ತದೆ. "ಯೋಚನೆ ಮಾಡಿ ನಾಳೆ ಹೇಳುತ್ತೇನೆ" ಎಂದು ಎದ್ದು ಬನ್ನಿ. ಹೊರಗೆ ಬಂದ ಕೂಡಲೇ ಒಂದು ಮೇಲ್ ಕಳಿಸಿ: ಇಂದು ಇಷ್ಟು ಗಂಟೆಗೆ, ಇಂಥವರು ರಾಜೀನಾಮೆ ಕೇಳಿದರು, ನಾನು ಕೊಟ್ಟಿಲ್ಲ. ಈ ಒಂದು ಮೇಲ್ ಇಲ್ಲದೆ ಸೋತ ಕೇಸುಗಳನ್ನು ನೋಡಿದ್ದೇನೆ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದಾರೆ, ಬಾಂಡ್‌ಗೂ ಸಹಿ ಹಾಕಿಸಿದ್ದಾರೆ. ಸಿಕ್ಕಿಹಾಕಿಕೊಂಡೆನಾ?

ಎರಡೂ ಬೇರೆ ಬೇರೆ ವಿಷಯ. ಮಾರ್ಕ್ಸ್ ಕಾರ್ಡ್ ಗಿರವಿ ಇಟ್ಟ ಒಡವೆಯಲ್ಲ. ಅದನ್ನು ತಡೆಹಿಡಿಯುವ ಹಕ್ಕನ್ನು ಯಾವ ಕಾನೂನೂ ಮಾಲೀಕರಿಗೆ ಕೊಟ್ಟಿಲ್ಲ. ಬರವಣಿಗೆಯಲ್ಲಿ ವಾಪಸ್ ಕೇಳಿ, ಕೊಡದಿದ್ದರೆ ವಕೀಲರ ನೋಟಿಸ್ ಕಳಿಸಿ. ಬಹಳ ಸಲ ನೋಟಿಸ್ ತಲುಪಿದ ವಾರದೊಳಗೆ ಕೊರಿಯರ್‌ನಲ್ಲಿ ಬಂದುಬಿಡುತ್ತದೆ. ಇನ್ನು ಮುಂದೆ ಸೇರುವವರಿಗೆ ಒಂದು ಮಾತು: ಒರಿಜಿನಲ್ ತೋರಿಸಿ, ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಸ್ವೀಕೃತಿ ಪತ್ರ ಬರೆಸಿಕೊಳ್ಳಿ.

ಬಾಂಡ್ ವಿಷಯ ಅಷ್ಟು ಸರಳ ಅಲ್ಲ. "ಬಾಂಡ್‌ಗೆ ಕಿಮ್ಮತ್ತಿಲ್ಲ, ಹರಿದು ಬಿಸಾಕಿ" ಎನ್ನುವ ಸಲಹೆ ಕೊಡುವವರು ಬೇಕಾದಷ್ಟಿದ್ದಾರೆ. ಅದನ್ನು ನಂಬಬೇಡಿ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ ಮೂರು ವರ್ಷ ಮುಗಿಯುವ ಮುಂಚೆ ಬಿಟ್ಟು ಹೋದಾಗ 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತ್ತು. ಆದರೆ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಆ ತೀರ್ಪನ್ನು ತಿರುಗಿಸಿ, ಆ ಷರತ್ತು ಸರಿ ಎಂದಿತು. ಹೊಸಬರನ್ನು ನೇಮಿಸಲು ಸರ್ಕಾರಿ ಬ್ಯಾಂಕಿಗೆ ಆಗುವ ಖರ್ಚು, ಆ ಅಧಿಕಾರಿಯ ಹುದ್ದೆ, ಸಂಬಳ ಎಲ್ಲವನ್ನೂ ಕೋರ್ಟ್ ನೋಡಿತು. ಹಾಗಂತ 15 ಸಾವಿರ ಸಂಬಳದ ಹುಡುಗನ ಕೈಲಿ 5 ಲಕ್ಷದ ಬಾಂಡ್ ಬರೆಸಿಕೊಂಡರೆ ಅಷ್ಟೂ ಹಣ ಸಿಕ್ಕಿಬಿಡುವುದಿಲ್ಲ. ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಇನ್ನು "ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆ ಕಂಪನಿಗೆ ಸೇರಬಾರದು" ಎಂಬ ಸಾಲು ಇದ್ದರೆ, 1872ರ ಒಪ್ಪಂದ ಕಾಯ್ದೆಯ 27ನೇ ಕಲಮು ಅದನ್ನು ಒಪ್ಪುವುದಿಲ್ಲ.

ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೆ, ಕಟ್ಟುತ್ತಿದ್ದಾರೋ ಇಲ್ಲವೋ?

ಪಾಸ್‌ಬುಕ್ ನೋಡಿ, ಉಮಂಗ್ ಆ್ಯಪ್‌ನಲ್ಲಿ ಎರಡು ನಿಮಿಷದ ಕೆಲಸ. ನಿಮ್ಮಿಂದ ಶೇ. 12, ಮಾಲೀಕರಿಂದ ಶೇ. 12. ಅವರ ಪಾಲಿನಲ್ಲಿ ಶೇ. 8.33 ಪಿಂಚಣಿ ಖಾತೆಗೆ ಹೋಗುತ್ತದೆ. ಹಿಡಿದ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಿಡಿದುಕೊಂಡು ಕಟ್ಟದಿದ್ದರೆ ಅದು ಬರೀ ಬಾಕಿಯಲ್ಲ, ನಂಬಿಕೆ ದ್ರೋಹದ ಅಪರಾಧ. ಗಾರ್ಮೆಂಟ್ಸ್ ಕಡೆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು, ಯುಗಾದಿಗೊಮ್ಮೆ ದಸರಾಕ್ಕೊಮ್ಮೆಯಾದರೂ ಪಾಸ್‌ಬುಕ್ ತೆಗೆದು ನೋಡಿ ಅಂತ.

ಗ್ರಾಚ್ಯುಟಿ ಎಷ್ಟು ಬರುತ್ತದೆ?

ಐದು ವರ್ಷ ತುಂಬಿದವರಿಗೆ, ವರ್ಷಕ್ಕೆ 15 ದಿನದ ಸಂಬಳ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 26,000 ರೂಪಾಯಿ ಇದ್ದು 10 ವರ್ಷ ದುಡಿದಿದ್ದರೆ 1,50,000. ಗರಿಷ್ಠ ಮಿತಿ 20 ಲಕ್ಷ. ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು.

ಗರ್ಭಿಣಿ ಎಂದು ಗೊತ್ತಾದ ಮೇಲೆ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎನ್ನುತ್ತಿದ್ದಾರೆ.

ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳ ಸಹಿತ ರಜೆ ನಿಮ್ಮ ಹಕ್ಕು. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಕಾಂಟ್ರಾಕ್ಟ್, ದಿನಗೂಲಿ ಎಂಬ ಭೇದ ಇಲ್ಲ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. 50 ಜನ ಇರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಡಾಕ್ಟರ ಚೀಟಿ ಲಗತ್ತಿಸಿ ರಜೆಗೆ ಬರೆದುಕೊಡಿ. ಅವರು ನಿಮ್ಮನ್ನು ತೆಗೆದ ತಾರೀಖು ಆ ಅರ್ಜಿಯ ತಾರೀಖಿನ ಬೆನ್ನಿಗೇ ಬಂದರೆ, ನ್ಯಾಯಾಧೀಶರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆಫೀಸಿನಲ್ಲಿ ಒಬ್ಬರ ಕಾಟ. ನಮ್ಮದು ಸಣ್ಣ ಜಾಗ, ಸಮಿತಿ ಗಿಮಿತಿ ಏನೂ ಇಲ್ಲ.

ಹತ್ತು ಜನ ಇದ್ದರೆ ಆಂತರಿಕ ಸಮಿತಿ ಇರಲೇಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುವುದು ಹಾಗೆ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರುತ್ತದೆ. ಮನೆಗೆಲಸದವರೂ ಅಲ್ಲಿಗೇ ಹೋಗಬಹುದು. ಇದು ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜನ್ನು ಅಸಹ್ಯ ಎಂದು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಇಡಿ.

ನಾನು ಡೆಲಿವರಿ ಕೆಲಸ ಮಾಡುತ್ತೇನೆ. ಆ್ಯಪ್‌ನವರು ಒಂದು ಬೆಳಿಗ್ಗೆ ಐಡಿ ಬ್ಲಾಕ್ ಮಾಡಿದರು.

ಕರ್ನಾಟಕದಲ್ಲಿ 2025ರಿಂದ ಗಿಗ್ ಕೆಲಸಗಾರರಿಗೆ, ಅಂದರೆ ನಿಮ್ಮಂತೆ ಆ್ಯಪ್ ಮೂಲಕ ದುಡಿಯುವವರಿಗೆ, ಪ್ರತ್ಯೇಕ ಕಾಯ್ದೆ ಇದೆ. ಕೆಲಸದಿಂದ ತೆಗೆಯಬೇಕಾದರೆ ಲಿಖಿತ ಕಾರಣ ಮತ್ತು 14 ದಿನದ ನೋಟಿಸ್ ಬೇಕು. ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾಯ್ದೆ ಹೊಸದು. ರಸ್ತೆಗೆ ಇಳಿಯಲು ಇನ್ನೂ ಸಮಯ ಬೇಕು. ಆದರೂ ದೂರಿನಲ್ಲಿ ಅದರ ಹೆಸರು ಬರೆದರೆ ಉತ್ತರದ ಧಾಟಿ ಬದಲಾಗುತ್ತದೆ.

## ಮನೆ

ಮನೆ ಖಾಲಿ ಮಾಡಿದೆ. ಓನರ್ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಸರಿಯಾ?

ಇದಕ್ಕೆ ಉತ್ತರ ಹೇಳುವ ಮುಂಚೆ ನನ್ನದೇ ಕಥೆ ಹೇಳಿಬಿಡುತ್ತೇನೆ. ಜೂನಿಯರ್ ಆಗಿದ್ದಾಗ ಬೆಂಗಳೂರಿನಲ್ಲಿ ಒಂದು ಪುಟ್ಟ ಮನೆಯಲ್ಲಿದ್ದೆ. ಬಿಡುವಾಗ ಓನರ್ ಒಂದು ತಿಂಗಳ ಬಾಡಿಗೆ ಕಡಿದರು. ನಾನು ಉತ್ಸಾಹದಿಂದ 1882ರ ಆಸ್ತಿ ವರ್ಗಾವಣೆ ಕಾಯ್ದೆ ತೆಗೆದೆ. ಅದರ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲಿ ವಾಪಸ್ ಕೊಡಬೇಕು, ಆದರೆ ಸಹಜ ಸವೆತಕ್ಕೆ ಅವನು ಹೊಣೆಯಲ್ಲ. ಗೋಡೆ ಬಣ್ಣ ಮಾಸುವುದು ಸಹಜ ಸವೆತವೇ, ಅಲ್ವಾ? ಓನರ್ ನಗುತ್ತಾ ಅಗ್ರಿಮೆಂಟ್ ತೆಗೆದು ತೋರಿಸಿದರು. "ಖಾಲಿ ಮಾಡುವಾಗ ಪೇಂಟಿಂಗ್ ವೆಚ್ಚಕ್ಕೆ ಒಂದು ತಿಂಗಳ ಬಾಡಿಗೆ ಕಡಿತ" ಎಂದು ಬರೆದಿತ್ತು. ಕೆಳಗೆ ನನ್ನದೇ ಸಹಿ. ಆ 108ನೇ ಕಲಮು ಶುರುವಾಗುವುದೇ "ಬೇರೆ ಒಪ್ಪಂದ ಇಲ್ಲದಿದ್ದರೆ" ಎಂಬ ಅರ್ಥದ ಮಾತಿನಿಂದ. ಬೇರೆಯವರ ಕಾಗದ ಓದುವುದು ನನ್ನ ಕಸುಬು, ನನ್ನದನ್ನೇ ಓದಿರಲಿಲ್ಲ.

ಹಾಗಾಗಿ ಉತ್ತರ ಇದು. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಕಡಿತ ಕೊಡಬೇಕು. ಬರೆದಿಲ್ಲದಿದ್ದರೆ ಕೊಡಬೇಕಾಗಿಲ್ಲ. ಒಡೆದ ಬಾಗಿಲು, ಮುರಿದ ಸಿಂಕು ನಿಮ್ಮ ಲೆಕ್ಕ. ಮಾಸಿದ ಬಣ್ಣ ಅವರ ಲೆಕ್ಕ. ಸಹಿ ಹಾಕುವ ಮುಂಚೆ ಆ ಸಾಲು ಹೊಡೆಸಲು ನೋಡಿ, ಇಲ್ಲವಾದರೆ "ಮೂರು ವರ್ಷಕ್ಕಿಂತ ಜಾಸ್ತಿ ಇದ್ದರೆ ಕಡಿತ ಇಲ್ಲ" ಎಂದಾದರೂ ಸೇರಿಸಿ. ಒಳಗೆ ಹೋಗುವ ದಿನ ಒಂದು ವಿಡಿಯೋ, ಹೊರಗೆ ಬರುವ ದಿನ ಒಂದು ವಿಡಿಯೋ ತೆಗೆದಿಡಿ.

ಅಡ್ವಾನ್ಸ್ ಎಷ್ಟು ತೆಗೆದುಕೊಳ್ಳಬಹುದು ಎಂದು ಮಿತಿ ಇದೆಯಲ್ಲ, ಎರಡು ತಿಂಗಳು?

ಅದು 2021ರಲ್ಲಿ ಕೇಂದ್ರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ. ಮಾದರಿ ಅಂದರೆ ಮಾದರಿಯೇ. ರಾಜ್ಯ ತನ್ನದಾಗಿ ಮಾಡಿಕೊಳ್ಳುವವರೆಗೆ ಅದಕ್ಕೆ ಬಲ ಇಲ್ಲ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅನ್ವಯವಾಗುವುದಿಲ್ಲ. ಈ ಕಾಲದಲ್ಲಿ 3,500ಕ್ಕೆ ಬೆಂಗಳೂರಿನಲ್ಲಿ ಏನು ಸಿಗುತ್ತದೆ ಎಂದು ನಿಮಗೇ ಗೊತ್ತು. ಅಂದರೆ ನಮ್ಮಲ್ಲಿ ಬಹುಪಾಲು ಬಾಡಿಗೆ ಮನೆಗಳನ್ನು ಆಳುವುದು ಅಗ್ರಿಮೆಂಟ್ ಎಂಬ ಆ ಎರಡು ಮೂರು ಹಾಳೆ. ಬ್ರೋಕರ್ ಕೊಟ್ಟ ರೆಡಿಮೇಡ್ ಪ್ರತಿಗೆ ಸುಮ್ನೆ ಸಹಿ ಹಾಕಬೇಡಿ.

ಹನ್ನೊಂದು ತಿಂಗಳಿಗೇ ಯಾಕೆ ಬರೆಸುತ್ತಾರೆ?

ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ಇದರಲ್ಲಿ ಬೇರೆ ಗುಟ್ಟೇನೂ ಇಲ್ಲ.

ಅಡ್ವಾನ್ಸ್ ಕೊಡದ ಓನರ್ ಮೇಲೆ ಪೊಲೀಸರಿಗೆ ಹೇಳಿದರೆ "ಸಿವಿಲ್ ಮ್ಯಾಟರ್" ಎಂದು ಕಳಿಸಿದರು.

ಅವರು ಹೇಳಿದ್ದು ಸರಿ. ಅಡ್ವಾನ್ಸ್ ವಸೂಲಿ ಸಿವಿಲ್ ವಿಷಯ. ಮೂರು ವರ್ಷದೊಳಗೆ ದಾವೆ ಹಾಕಬಹುದು. ಅದಕ್ಕೂ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಕೇಸ್ ಇಲ್ಲದೆಯೇ ಅವರು ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ.

ಆದರೆ ನೀವಿನ್ನೂ ಮನೆಯಲ್ಲಿರುವಾಗ ಬೀಗ ಬದಲಾಯಿಸಿದರೆ, ಸಾಮಾನು ಬೀದಿಗೆ ಹಾಕಿದರೆ, ಹೊಡೆಯುತ್ತೇನೆ ಅಂದರೆ ಅದು ಬೇರೆ. ಅದರಲ್ಲಿ ಅಪರಾಧ ಇದೆ, ದೂರು ತೆಗೆದುಕೊಳ್ಳಬೇಕು. ಬಾಡಿಗೆ ಬಾಕಿ ಇದ್ದರೂ ಓನರ್ ಕೋರ್ಟಿನ ದಾರಿಯಲ್ಲೇ ಖಾಲಿ ಮಾಡಿಸಬೇಕು. ಬಲವಂತವಾಗಿ ಹೊರಹಾಕಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಕೆಳಗೆ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಹೋಗಬಹುದು. ಮನೆ ಯಾರದ್ದು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಆರು ತಿಂಗಳು ದಾಟಿತೋ, ಆ ಬಾಗಿಲು ಮುಚ್ಚಿತು.

ಬಾಡಿಗೆ ಬದಲು ಹತ್ತು ಹದಿನೈದು ಲಕ್ಷ ಕೊಟ್ಟು ಲೀಸ್‌ಗೆ ಹೋಗೋಣ ಎಂದುಕೊಂಡಿದ್ದೇವೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಮ್ಮ ಕಡೆ ಭೋಗ್ಯ ಎನ್ನುವ ಈ ಪದ್ಧತಿಯಲ್ಲಿ ತಿಂಗಳ ಬಾಡಿಗೆ ಉಳಿಯುತ್ತದೆ ನಿಜ. ಆದರೆ ನಿಮ್ಮ ದೊಡ್ಡ ಗಂಟು ಇನ್ನೊಬ್ಬರ ಕೈಯಲ್ಲಿರುತ್ತದೆ. ಎರಡು ಅಪಾಯ ಪದೇ ಪದೇ ನೋಡುತ್ತೇನೆ. ಒಂದು, ಮನೆಯ ಮೇಲೆ ಆಗಲೇ ಬ್ಯಾಂಕ್ ಸಾಲ ಇರುತ್ತದೆ. ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಂದು ನೋಟಿಸ್ ಅಂಟಿಸುತ್ತಾರೆ. ಬ್ಯಾಂಕಿನ ಹಕ್ಕು ನಿಮಗಿಂತ ಮೊದಲಿನದು. ಎರಡು, ಮಧ್ಯವರ್ತಿ ಒಬ್ಬ ಓನರ್‌ನಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ನಿಮ್ಮಿಂದ ಲೀಸ್ ಹಣ ತೆಗೆದುಕೊಳ್ಳುತ್ತಾನೆ. ಒಂದಷ್ಟು ತಿಂಗಳು ಬಾಡಿಗೆ ಕಟ್ಟುತ್ತಾನೆ, ಆಮೇಲೆ ಫೋನ್ ಸ್ವಿಚ್ ಆಫ್. ಓನರ್ ನಿಮ್ಮ ಬಾಗಿಲಿಗೆ ಬಂದು "ನನಗೆ ಬಾಡಿಗೆ ಬಂದಿಲ್ಲ, ಖಾಲಿ ಮಾಡಿ" ಅನ್ನುತ್ತಾರೆ. ಅವರೂ ಮೋಸ ಹೋದವರೇ.

ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಅನ್ನುವುದನ್ನು, ತೆಗೆಸಿ ನೋಡಿ. ಹಣ ಓನರ್ ಖಾತೆಗೇ ಹೋಗಲಿ, ಕ್ಯಾಶ್ ಬೇಡವೇ ಬೇಡ. ಪತ್ರವನ್ನು ನೋಂದಣಿ ಮಾಡಿಸಿ. ನೋಂದಣಿ ಬೇಡ ಎಂದು ಓನರ್ ಹಟ ಹಿಡಿದರೆ ಆ ಮನೆ ಬಿಟ್ಟುಬಿಡಿ.

"ನಿನ್ನ ಮದುವೆ ಮಾಡಿದ್ದೇವಲ್ಲ, ಆಸ್ತಿಯಲ್ಲಿ ಭಾಗ ಇಲ್ಲ" ಎನ್ನುತ್ತಾರೆ ಅಣ್ಣಂದಿರು.

ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಮದುವೆಯಾಗಿದ್ದರೂ ಅಷ್ಟೇ. ಕರ್ನಾಟಕ ಈ ವಿಷಯದಲ್ಲಿ ಮುಂದಿತ್ತು. 1994ರಲ್ಲೇ ರಾಜ್ಯ ತಿದ್ದುಪಡಿ ತಂದು ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಒಂದೇ ನಿಯಮ. ಅಪ್ಪ ಆ ದಿನ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು. ಬದುಕಿರಬೇಕಾಗಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಅದನ್ನು ಕೆದಕಲಾಗುವುದಿಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿಯನ್ನು ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಉಯಿಲು ಇಲ್ಲದಿದ್ದರೆ ನಿಮಗೂ ಸಮಪಾಲು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನು.

ಹಕ್ಕು ಕಳೆದುಕೊಳ್ಳುವುದು ಕೋರ್ಟಿನಲ್ಲಿ ಅಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. "ಖಾತೆ ಬದಲಾವಣೆಗೆ ಒಂದು ಸಹಿ ಬೇಕು, ಬಾರಮ್ಮ" ಎಂದು ಕರೆಯುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ ಆಗಿರುತ್ತದೆ. ಅರಿಶಿನ ಕುಂಕುಮಕ್ಕೆ ಅಂತ ಸ್ವಲ್ಪ ಹಣ, ಒಂದು ಸೀರೆ. ಪ್ರೀತಿಯಿಂದ ಬಿಟ್ಟುಕೊಡುವುದಾದರೆ ಬಿಡಿ, ಅದು ನಿಮ್ಮ ಇಷ್ಟ. ಬಿಡುತ್ತಿರುವುದು ಏನು ಎಂದು ಓದಿಕೊಂಡು ಬಿಡಿ.

ಮನೆ ಮಗನ ಹೆಸರಿಗೆ ಬರೆದುಕೊಟ್ಟ ಮೇಲೆ ಅವನು ನೋಡಿಕೊಳ್ಳುತ್ತಿಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆಯ ಕೆಳಗೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿ. ಊರ ಭಾಷೆಯಲ್ಲಿ ಎಸಿ ಸಾಹೇಬರು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. 23ನೇ ಕಲಮಿನಲ್ಲಿ ದಾನಪತ್ರವನ್ನೇ ರದ್ದು ಮಾಡಿಸಬಹುದು. ಆದರೆ "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತಿನ ಮೇಲೆ ಕೊಟ್ಟದ್ದು ಎಂದು ತೋರಿಸಬೇಕಾಗುತ್ತದೆ. ಪತ್ರದಲ್ಲೇ ಆ ಒಂದು ಸಾಲು ಇದ್ದರೆ ಕೆಲಸ ಸುಲಭ. ಬರೆಯುವವರು ಈಗಲೇ ಬರೆಸಿ, ಮಗನಿಗೆ ಬೇಜಾರಾದರೆ ಆಗಲಿ. ಸಹಾಯವಾಣಿ 14567.

ಗಂಡನ ಮನೆಯಲ್ಲಿ ಹೊಡೆತ. ಮನೆ ಅತ್ತೆಯ ಹೆಸರಿನಲ್ಲಿದೆ, ಹೊರಗೆ ಹಾಕಿದರೆ ಎಲ್ಲಿಗೆ ಹೋಗಲಿ?

ಈಗ ಅಪಾಯ ಇದ್ದರೆ ಮೊದಲು 112 ಅಥವಾ 181ಕ್ಕೆ ಫೋನ್ ಮಾಡಿ, ಉಳಿದದ್ದು ಆಮೇಲೆ. ನೀವು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಡುತ್ತದೆ. ಆ ಮನೆ ಗಂಡನ ಹೆಸರಿನಲ್ಲೇ ಇರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಸಂರಕ್ಷಣಾಧಿಕಾರಿ ಸಿಗುತ್ತಾರೆ. ಅರ್ಜಿ ಬರೆಯಲು ಅವರೇ ನೆರವಾಗುತ್ತಾರೆ. ಗಾಯ ಆಗಿದ್ದರೆ ಆಸ್ಪತ್ರೆಯಲ್ಲಿ "ಜಾರಿ ಬಿದ್ದೆ" ಅನ್ನಬೇಡಿ. ನಡೆದದ್ದನ್ನೇ ಬರೆಸಿ.

## ಅಂಗಡಿ, ಬ್ಯಾಂಕು, ಆಸ್ಪತ್ರೆ

ಬಿಲ್ಲಿನ ಮೇಲೆ "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂದು ಅಚ್ಚು ಹಾಕಿದ್ದಾರೆ.

ಅಚ್ಚು ಹಾಕಿದ ಮಾತ್ರಕ್ಕೆ ಕಾನೂನಾಗುವುದಿಲ್ಲ. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದಲ್ಲಿ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ಮನಸ್ಸು ಬದಲಾಯಿತು, ಬಣ್ಣ ಹಿಡಿಸಲಿಲ್ಲ ಎಂದರೆ ಮಾತ್ರ ಅಂಗಡಿಯವರ ಒಳ್ಳೆಯತನ.

ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಕೇಳಬಹುದಾ?

ಬಸ್ ಸ್ಟ್ಯಾಂಡಿನ ಅಂಗಡಿಯವನು "ಕೂಲಿಂಗ್ ಚಾರ್ಜ್" ಎಂದು ಎರಡು ರೂಪಾಯಿ ಸೇರಿಸುವಂತಿಲ್ಲ. ಕಾನೂನು ಮಾಪನ ಇಲಾಖೆಗೆ ದೂರು ಕೊಡಿ. ಹೋಟೆಲಿನಲ್ಲಿ ಕೂತು ತರಿಸಿಕೊಂಡರೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಬಾಟಲಿ ಜೊತೆಗೆ ಜಾಗ, ಸೇವೆ ಸೇರಿರುತ್ತದೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೋಟೆಲುಗಳ ಪರ ಹೇಳಿತು. ನನಗೆ ಆ ತೀರ್ಪು ಅಷ್ಟು ರುಚಿಸಿಲ್ಲ. ಆದರೆ ತೀರ್ಪು ತೀರ್ಪೇ. ಬಿಲ್ಲಿನಲ್ಲಿ ತಾನಾಗಿ ಸೇರಿಸಿದ ಸರ್ವಿಸ್ ಚಾರ್ಜ್ ಮಾತ್ರ ಕಡ್ಡಾಯ ಅಲ್ಲ. ತೆಗೆಯಿರಿ ಎಂದು ಹೇಳಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ.

ಖಾತೆಯಿಂದ ನನಗೆ ಗೊತ್ತಿಲ್ಲದೆ ಹಣ ಹೋಯಿತು.

ಇದನ್ನು ಓದುವುದನ್ನು ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ಹಿಡಿದರೆ ಉಳಿಯುತ್ತದೆ. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರು ಕದ್ದಿದ್ದರೆ, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿದೆ. ಒಟಿಪಿಯನ್ನು ನೀವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ನಾಚಿಕೆಪಟ್ಟು ಎರಡು ದಿನ ಸುಮ್ಮನಿದ್ದವರೇ ಜಾಸ್ತಿ ಕಳೆದುಕೊಳ್ಳುವುದು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ದೂರು ಕೇಳಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ.

ಸಂಘದ ಸಾಲದ ಕಂತು ತಪ್ಪಿತು. ವಸೂಲಿಯವರು ಬಾಗಿಲಲ್ಲಿ ಕೂತು ಮಾನ ಕಳೆಯುತ್ತಿದ್ದಾರೆ.

ಸಾಲ ತೀರಿಸಬೇಕು, ಅದು ಬೇರೆ ಮಾತು. ಆದರೆ ಮನೆ ಮುಂದೆ ಗಲಾಟೆ, ಬೆದರಿಕೆ, ಗೇಟಿಗೆ ಬೀಗ ಇವೆಲ್ಲ ಅಪರಾಧ. ಕಿರುಸಾಲದ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿತು. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬ್ಯಾಂಕು, ಫೈನಾನ್ಸ್‌ನವರು ಕಳಿಸುವ ವಸೂಲಿ ಏಜೆಂಟರು ಇಂಥ ಕಿರುಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ; ಬೇರೆ ಸಾಲಕ್ಕಾದರೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಮಾಡುವಂತಿಲ್ಲ.

ಬಿಲ್ ಕಟ್ಟುವವರೆಗೆ ಶವ ಕೊಡುವುದಿಲ್ಲ ಎನ್ನುತ್ತಿದೆ ಆಸ್ಪತ್ರೆ.

ಹಾಗೆ ತಡೆಹಿಡಿಯುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಇದನ್ನು ನೇರವಾಗಿ ಹೇಳುತ್ತದೆ. ಬಾಕಿಯನ್ನು ಅವರು ಆಮೇಲೆ ವಸೂಲಿ ಮಾಡಿಕೊಳ್ಳಲಿ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು.

ಗ್ರಾಹಕರ ಕೋರ್ಟಿಗೆ ವಕೀಲರು ಬೇಕೇ ಬೇಕಾ? ಎಷ್ಟು ಖರ್ಚು, ಎಷ್ಟು ದಿನ?

ಬೇಡ. ನನ್ನ ಹೊಟ್ಟೆಪಾಡಿಗೆ ವಿರುದ್ಧವಾಗಿಯೇ ಹೇಳುತ್ತಿದ್ದೇನೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಆನ್‌ಲೈನ್ ಖರೀದಿಯ ತಕರಾರುಗಳು ಎಷ್ಟೋ ಸಲ ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಗ್ರಾಹಕರ ಕೋರ್ಟ್ ಅನ್ನುವುದು ಇದನ್ನೇ. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅಲ್ಲೇ ಕೇಸ್. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ಗದಗದಲ್ಲಿದ್ದರೆ ಗದಗದಲ್ಲೇ ಹಾಕಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ತೊಂದರೆ ಶುರುವಾದ ಎರಡು ವರ್ಷದೊಳಗೆ ಆಗಬೇಕು.

ವೈದ್ಯರ ನಿರ್ಲಕ್ಷ್ಯ, ವಿಮೆ, ಫ್ಲ್ಯಾಟ್ ಇಂಥ ತೊಡಕಿನ ಕೇಸಿಗೆ ವಕೀಲರನ್ನು ಇಟ್ಟುಕೊಳ್ಳಿ. ಹಣ ಇಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

ದಿನದ ಲೆಕ್ಕಕ್ಕೆ ಬಂದರೆ, ಪರೀಕ್ಷೆ ಬೇಡದ ಕೇಸು ಮೂರು ತಿಂಗಳಲ್ಲಿ, ವಸ್ತುವನ್ನು ಲ್ಯಾಬಿಗೆ ಕಳಿಸಬೇಕಾದದ್ದು ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ನಾನು ನೋಡಿದಂತೆ ಅಷ್ಟರಲ್ಲಿ ಮುಗಿಯುವುದು ಅಪರೂಪ. ಎರಡನೆಯದೋ ಮೂರನೆಯದೋ ದಿನಾಂಕಕ್ಕೆ ಕಂಪನಿಯವರು ರಾಜಿಗೆ ಬರುತ್ತಾರೆ. ಬಂದರೆ ಒಳ್ಳೆಯದೇ. ಆದರೆ "ಕೇಸ್ ವಾಪಸ್ ತಗೊಳ್ಳಿ, ಸೋಮವಾರ ಹಣ ಹಾಕುತ್ತೇವೆ" ಅಂದರೆ, ಸೋಮವಾರ ಹಣ ಬರಲಿ, ಮಂಗಳವಾರ ವಾಪಸ್ ತೆಗೆದುಕೊಳ್ಳುತ್ತೇನೆ ಅನ್ನಿ.